ಸಾಕಿದವರಿಗೆ ಕಾಲಂ ಇಲ್ಲ

ಆ ವರ್ಷ ನನ್ನ ಟೇಬಲ್ಲಿನ ಮುಂದೆ ನಿಲ್ಲುತ್ತಿದ್ದ ಸಾಲು ಪಕ್ಕದ ಟೇಬಲ್ಲಿಗೆ ಹೋಯಿತು. ಯಾರೂ ತಳ್ಳಲಿಲ್ಲ, ಯಾರೂ ಕರೆಯಲಿಲ್ಲ, ತಾನಾಗಿಯೇ ಹೋಯಿತು. ಅದಕ್ಕೇ ನನಗೆ ಹೆಚ್ಚು ಉರಿದದ್ದು.

ಗಂಗಾವತಿಯ ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವವಳು ನಾನು. ಬಡ ಮಕ್ಕಳು ಅರ್ಜಿ ಹಾಕುತ್ತಾರೆ, ಅವರ ಜಾತಿ, ಆದಾಯ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಒಂದಕ್ಕೊಂದು ಕೂಡುತ್ತವೋ ಇಲ್ಲವೋ ನಾನು ನೋಡುತ್ತೇನೆ. ಕೂಡಿದರೆ ಕಾಲೇಜಿನ ಕಡೆಯಿಂದ ಒಬ್ಬ ಅಧಿಕಾರಿ ಕಂಪ್ಯೂಟರಿನಲ್ಲಿ ದೃಢೀಕರಿಸಬೇಕು. ಆ ಲಾಗಿನ್ ನನ್ನಂಥ ಗುಮಾಸ್ತೆಗೆ ಕೊಡುವುದಿಲ್ಲ, ಉಪನ್ಯಾಸಕರ ದರ್ಜೆಯವರಿಗೇ ಕೊಡಬೇಕೆಂದು ಸುತ್ತೋಲೆ ಇದೆ. ಹಿಂದಿನ ಮೇಷ್ಟ್ರು ವಾರಕ್ಕೊಮ್ಮೆ ಬಂದು, ನಾನು ಬೆರಳು ತೋರಿಸಿದಲ್ಲಿ ಒತ್ತಿ, ಚಹಾ ಕುಡಿದು ಹೋಗುತ್ತಿದ್ದರು. ಹೆಸರು ಅವರದು, ರಾಜ್ಯಭಾರ ನನ್ನದು. ನನಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ.

ಅವರು ನಿವೃತ್ತರಾದ ಮೇಲೆ ಲಾಗಿನ್ ಬಂದದ್ದು ವರ್ಗವಾಗಿ ಬಂದ ಹೊಸ ಮೇಡಂ ಕೈಗೆ. ವಾಣಿಜ್ಯಶಾಸ್ತ್ರ ಕಲಿಸುವವರು, ವಯಸ್ಸಿನಲ್ಲಿ ನನ್ನ ತಂಗಿಗಿಂತ ಚಿಕ್ಕವರು. ಬಂದವರೇ ನನ್ನ ಟೇಬಲ್ಲಿನ ಪಕ್ಕದಲ್ಲಿ ಇನ್ನೊಂದು ಟೇಬಲ್ ಹಾಕಿಸಿಕೊಂಡರು, ಎದುರಿಗೆ ಎರಡು ಕುರ್ಚಿ ಇಡಿಸಿದರು. ನನ್ನ ಎದುರು ಎಂದೂ ಕುರ್ಚಿ ಇರಲಿಲ್ಲ. ಕೂತರೆ ಏಳುವುದಿಲ್ಲ, ನಿಂತರೆ ಬೇಗ ಹೋಗುತ್ತಾರೆ ಎಂಬುದು ನನ್ನ ಲೆಕ್ಕ. ಆ ಎರಡು ಕುರ್ಚಿ ನೋಡಿದ್ದೇ ತಡ, ಹುಡುಗಿಯರೆಲ್ಲ ಆ ಕಡೆ ಹರಿದರು.

ಮೇಡಂ ಗದರುತ್ತಿರಲಿಲ್ಲ. ಕೇಳಿದ್ದನ್ನೇ ನಾಲ್ಕು ಸಲ ಕೇಳಿದರೂ ನಾಲ್ಕನೆಯ ಸಲವೂ ಮೊದಲ ಸಲದ ಹಾಗೆಯೇ ಹೇಳುತ್ತಿದ್ದರು. ಅವರಲ್ಲಿ ಒಂದು ತಪ್ಪು ಹುಡುಕಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ತಪ್ಪೊಂದು ಸಿಕ್ಕಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಬರಿದೇ ಉರಿದುಕೊಂಡು ಕೂರುವುದು ಬಹಳ ಕಷ್ಟದ ಕೆಲಸ.

ಮೇಲಿಂದ ಪ್ರಾಂಶುಪಾಲರು ಬೇರೆ. "ಮೇಡಮ್ಮಾರು ಬಂದಿಂದ ಕಚೇರ್ಯಾಗ ಗದ್ಲಾ ಕಡಿಮಿ ಆಗೈತಿ ನೋಡ್ರಿ ಬಾಯಾರ," ಎಂದರು ಒಂದು ದಿನ. ಇಷ್ಟು ವರ್ಷ ಗದ್ದಲ ಮಾಡಿದ್ದು ನಾನೇ ಎಂಬಂತೆ! ಕೊಪ್ಪಳದಿಂದ ತಪಾಸಣೆಗೆ ಬಂದ ಅಧಿಕಾರಿಗೆ ನನ್ನನ್ನು ತೋರಿಸಿ, "ಇವರು ಮೇಡಮ್ಮಾರಿಗೆ ಸಹಾಯಾ ಮಾಡ್ತಾರ್ರಿ, ಅಷ್ಟಾ," ಎಂದರು. ಆ 'ಅಷ್ಟಾ' ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು. ಮನೆಗೆ ಹೋಗಿ ಉಂಡರೂ ಇಳಿಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬಿಕಾಂ ಮೊದಲ ವರ್ಷದ ಒಬ್ಬ ಹುಡುಗಿ ನನ್ನ ಟೇಬಲ್ಲಿಗೆ ಬಂದಳು. ಆ ಕಡೆಯ ಸಾಲು ಬಾಗಿಲು ದಾಟಿ ಹೋಗಿತ್ತು, ಅದಕ್ಕೇ ಬಂದಳು ಎಂದು ಗೊತ್ತಿದ್ದರೂ ನನಗೆ ಹಿಗ್ಗಾಯಿತು. "ಬಾ ಯವ್ವಾ, ಬಾ," ಎಂದೆ. ನನ್ನ ಬಾಯಿಂದ ಅಂಥ ಮಾತು ಕೇಳಿ ಜವಾನ ತಿರುಗಿ ನೋಡಿದ.

ಅವಳ ಆದಾಯ ಪ್ರಮಾಣಪತ್ರದ ಮೇಲಿನ ಸಂಖ್ಯೆ ಹಾಕಿದೆ. ಆ ಸಂಖ್ಯೆ ಹಾಕಿದರೆ ಸಾಕು, ನಾಡಕಚೇರಿಯಲ್ಲಿ ಬರೆದ ಆದಾಯ ತಾನಾಗಿ ಬಂದು ಕೂರುತ್ತದೆ. ಅದನ್ನು ನಾನಾಗಲಿ, ಅವಳಾಗಲಿ, ಸಾಕ್ಷಾತ್ ಪ್ರಾಂಶುಪಾಲರಾಗಲಿ ತಿದ್ದುವಂತಿಲ್ಲ. ಆದಾಯ ಬಂತು. ಅವಳ ವರ್ಗಕ್ಕೆ ಇರುವ ಮಿತಿಯನ್ನು ದಾಟಿತ್ತು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ 'ಅರ್ಹರಲ್ಲ' ಎಂದು ಬಿತ್ತು.

"ಬರಂಗಿಲ್ಲವ್ವಾ. ನಿಮ್ಮ ಮನಿ ಆದಾಯ ಹೆಚ್ಚೈತಿ," ಎಂದೆ.

ಅವಳು ಅಳಲಿಲ್ಲ, ವಾದ ಮಾಡಲಿಲ್ಲ. "ಹೌದ್ರಿ ಬಾಯಾರ," ಎಂದು ಕಾಗದ ಮಡಚಿಕೊಂಡು ಹೋಗಿ ಪಕ್ಕದ ಸಾಲಿನ ತುದಿಯಲ್ಲಿ ನಿಂತಳು. ಅಯ್ಯ ನನ್ನ ಕರ್ಮವೇ! ನಾನು ಇಲ್ಲ ಎಂದದ್ದು ಅಲ್ಲಿ ಹೌದಾಗುತ್ತದೆಯೇ? ಆಗಲಿ, ನೋಡೋಣ ಎಂದು ಕೈಯಲ್ಲಿ ಕಡತ ಹಿಡಿದು ಕಿವಿಯನ್ನು ಆ ಕಡೆ ಇಟ್ಟೆ.

ಮೇಡಂ ಅವಳ ಕಾಗದ ಕೈಗೇ ತೆಗೆದುಕೊಳ್ಳಲಿಲ್ಲ. "ಕುಂದ್ರು ತಂಗಿ. ಮನ್ಯಾಗ ಯಾರ್ಯಾರು ಅದೀರಿ?" ಎಂದು ಕೇಳಿದರು.

"ಮಾಮಾ, ಅತ್ತಿ, ಅವರ ಇಬ್ರು ಹೆಣ್ಣಮಕ್ಕಳು, ನಾನು ರೀ."

"ಅಪ್ಪ, ಅವ್ವ?"

"ಅವರು ಯಲಬುರ್ಗಾ ಕಡೆ ಊರಾಗ ಅದಾರ್ರಿ. ಕೂಲಿ ಮಾಡ್ತಾರ."

ಕಡತ ನನ್ನ ಕೈಯಲ್ಲೇ ಉಳಿಯಿತು. ನಮ್ಮ ಕಡೆ ಚೊಚ್ಚಲ ಕೂಸು ತಾಯಿಯ ತವರಿನಲ್ಲಿ ಹುಟ್ಟುತ್ತದೆ. ಎಷ್ಟೋ ಕೂಸುಗಳು ಅಲ್ಲಿಯೇ ಉಳಿದುಬಿಡುತ್ತವೆ. ಅಜ್ಜಿ ಬಿಡುವುದಿಲ್ಲ, ಅಷ್ಟರಲ್ಲಿ ತಾಯಿಗೆ ಇನ್ನೊಂದು ಬಸಿರು, ಸೋದರಮಾವನ ಹೆಗಲು ಕೂಸಿಗೆ ರೂಢಿಯಾಗಿರುತ್ತದೆ. ದತ್ತು ಎಂದು ಯಾರೂ ಕಾಗದ ಮಾಡಿಸುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸುತ್ತಾರೆ, ಶಾಲೆಗೆ ಹಚ್ಚುತ್ತಾರೆ, ಮುಗಿಯಿತು. ಇವಳೂ ಹಾಗೆಯೇ ಕಾರಟಗಿ ದಾರಿಯ ಕಾಲುವೆ ಹಳ್ಳಿಯಲ್ಲಿ, ಭತ್ತದ ಗದ್ದೆಯಿದ್ದ ಮಾವನ ಮನೆಯಲ್ಲಿ ಬೆಳೆದವಳು. ಆದಾಯ ಪತ್ರ ಮಾವನದು. ಸರ್ಕಾರ ಕೇಳುವುದು ಹೆತ್ತವರದು.

ಇದೇ ನೆಲದಲ್ಲಿ ಹುಟ್ಟಿದ ನಾನು, ಅತ್ತೆಯ ತೊಡೆಯ ಮೇಲೆ ಬೆಳೆದ ಎಷ್ಟು ಮಕ್ಕಳನ್ನು ಕಂಡಿಲ್ಲ! ಆ ಪ್ರಶ್ನೆ ನನ್ನದು. ನನ್ನ ಬಾಯಿಂದ ಬರಬೇಕಾದದ್ದು ಅವರ ಬಾಯಿಂದ ಬಂತಲ್ಲ ಎಂದು ಮಧ್ಯಾಹ್ನದ ಬುತ್ತಿಯೂ ಸೇರಲಿಲ್ಲ.

ಮೇಡಂ ದಾರಿ ಹೇಳಿಕೊಟ್ಟರು: ಅಪ್ಪನ ಊರಿಗೆ ಹೋಗು, ಅಪ್ಪನ ಹೆಸರಿನಲ್ಲಿ ಆದಾಯ ಪತ್ರ ಮಾಡಿಸಿಕೊಂಡು ಬಾ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದದ್ದು ಪುಣ್ಯ. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಯಲಬುರ್ಗಾಕ್ಕೆ ಹೋದಳು, ಬರಿಗೈಲಿ ಬಂದಳು. ಅಲ್ಲಿಯ ಗ್ರಾಮಾಧಿಕಾರಿ ಅಪ್ಪನ ರೇಷನ್ ಕಾರ್ಡು ನೋಡಿ, "ಇದರಾಗ ಹುಡುಗಿ ಹೆಸರಾ ಇಲ್ಲ. ಇಲ್ಲದವರನ್ನ ಈ ಮನಿಯವರು ಅಂತ ನಾ ಹೆಂಗ ಬರೀಲಿ?" ಎಂದರಂತೆ. ಅವರ ಮಾತೂ ಸರಿಯೇ. ಮೊದಲು ಮಾವನ ಕಾರ್ಡಿನಿಂದ ಹೆಸರು ತೆಗೆಸಬೇಕು, ಆಮೇಲೆ ಅಪ್ಪನ ಕಾರ್ಡಿಗೆ ಸೇರಿಸಬೇಕು. ತೆಗೆಸಲು ಕಾರ್ಡಿನ ಯಜಮಾನ ಸೇವಾ ಕೇಂದ್ರಕ್ಕೆ ಬಂದು ಹೆಬ್ಬೆಟ್ಟು ಒತ್ತಬೇಕು. ಮಾವ ಒತ್ತದೆ ಏನೂ ಸಾಗದು.

ಮೇಡಂ ಮಾವನಿಗೆ ಫೋನ್ ಮಾಡಿದರು. ಅರ್ಧ ಮಾತಿಗೇ ಮಾವ ಫೋನ್ ಇಟ್ಟರು. ಮರುದಿನ ತಾವೇ ಬಂದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಕೆಂಪಗಾದ ಮುಖ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಯಾರ್ರಿ ನನಗ ಫೋನ್ ಮಾಡಿದವರು? ಮೂರು ತಿಂಗಳ ಕೂಸಿದ್ದಾಗಿಂದ ಸಾಕೀನ್ರಿ ನಾನು! ನಮ್ಮವ್ವಗ ಕಣ್ಣು ಮಂಜಾದ ಮ್ಯಾಲ ಅಕೀಗೆ ಜಡಿ ಹಾಕಿದವ ನಾನು. ಅವರಪ್ಪ ವರ್ಷಕ್ಕೊಮ್ಮಿ ಬಂದು ಒಂದು ಫ್ರಾಕು ಕೊಡಿಸಿ ಹೋದಂವ. ಈಗ ಅಂವ ಬೇಕಾದ್ನೇನು?"

"ಹಂಗಲ್ರಿ ಅಣ್ಣಾರ," ಎಂದರು ಮೇಡಂ ಮೆಲ್ಲಗೆ. "ಆದಾಯ ಇಷ್ಟೊಂದು ಯಾಕ ಬರಿಸಿದ್ರಿ ಅಂತ…"

"ಇದ್ದಷ್ಟು ಬರಿ ಅಂದೇರಿ. ಯಾಕ, ಸುಳ್ಳು ಬರಿಸ್ಲೇನು? ನಾಳೆ ಅಕೀಗೆ ವರ ಬರ್ತಾವ. ಬಡವರ ಮನಿ ಹುಡುಗಿ ಅಂತ ಯಾರೂ ಅನ್ನಬಾರದು."

ಎಲ್ಲರೂ ಆದಾಯ ಇಳಿಸಿ ಬರೆಸಲು ಕೈಕಾಲು ಬೀಳುವ ಕಾಲದಲ್ಲಿ ಈ ಪುಣ್ಯಾತ್ಮ ಪೂರ್ತಿ ಬರೆಸಿದ್ದ! ನನಗೆ ನಗು ಬಂತು, ನುಂಗಿದೆ. ಮೇಡಂ ನಿಯಮ ಬಿಡಿಸಿ ಹೇಳಿದರು. ದತ್ತು ಕಾಗದ ಇಲ್ಲದ ಮೇಲೆ, ತಂದೆ ತಾಯಿ ಇರುವಾಗ, ಅವರ ಆದಾಯವನ್ನೇ ಹಿಡಿಯುತ್ತಾರೆ ಎಂದರು. ಒಂದೂ ತಪ್ಪು ಮಾತಿಲ್ಲ. ಕೊನೆಗೆ ಹೇಳಿದರು, "ನೀವು ಪಾಲಕರು ರೀ ಅಣ್ಣಾರ, ಅಷ್ಟಾ."

ಮಾವನ ಮುಖ ನಾನು ನೋಡಿದೆ. ಆ 'ಅಷ್ಟಾ' ಎಲ್ಲಿ ಹೋಗಿ ನಾಟಿತೆಂದು ನನಗೆ ಗೊತ್ತಾಯಿತು, ಮೇಡಮ್ಮಿಗೆ ಗೊತ್ತಾಗಲಿಲ್ಲ. ಅವರು ಟವೆಲ್ ಕೊಡವಿ ಹೊರಟೇಹೋದರು. ಒಳ್ಳೆಯ ಮಾತಿನ ಮೇಡಂ ಮೊದಲ ಸಲ ಸೋತಿದ್ದರು. ಖುಷಿಯಾಯಿತೇ ಎಂದರೆ ಆಯಿತು, ಪೇಡೆ ತಿಂದಷ್ಟು ಆಯಿತು. ಆ ಹೊತ್ತಿನಲ್ಲಿ ಹುಡುಗಿಯ ನೆನಪೂ ನನಗೆ ಬರಲಿಲ್ಲ.

ನೆನಪು ಬಂದದ್ದು ಸಂಜೆ, ಬಸ್ ನಿಲ್ದಾಣದಲ್ಲಿ ಅವಳೇ ಎದುರಾದಾಗ. "ಫಾರ್ಮ್ ಬಿಡ್ರಿ ಬಾಯಾರ," ಎಂದಳು. "ನಾ ಒಂದು ಸೀರಿ ಅಂಗಡ್ಯಾಗ ಕೆಲ್ಸ ಮಾತಾಡಿ ಬಂದೀನಿ. ಮುಂದಿನ ತಿಂಗಳಿಂದ ಹೋಗ್ತೀನಿ."

"ಕಾಲೇಜ?"

"ಬಿಡ್ತೀನ್ರಿ."

"ಯಾಕ, ನಿಮ್ಮತ್ತಿ ಏನರ ಅಂದ್ಳೇನು?"

"ಅತ್ತಿ ಏನೂ ಅನ್ನಂಗಿಲ್ರಿ. ಇಬ್ರು ತಂಗ್ಯಾರೂ ಪಿಯುಸಿ ಸೈನ್ಸ್ ಹಚ್ಯಾರ. ಮೂರೂ ಮಂದೀದು ಮಾಮಾನ ಕೈಲೆ ನೀಗಂಗಿಲ್ಲ. ಅತ್ತಿ ಏನೂ ಅನ್ನದಾ ಸುಮ್ನ ಇರ್ತಾಳ ನೋಡ್ರಿ, ಅದಾ ನನಗ ಭಾಳ ಆಗೈತಿ. ಮಾಮಾಗ ಹೇಳಬ್ಯಾಡ್ರಿ."

ಬಸ್ಸು ಬಂತು, ಹತ್ತಿ ಹೋದಳು. ನಾನು ನನ್ನ ಬಸ್ಸು ಬಿಟ್ಟು ಅಲ್ಲಿಯೇ ಕಟ್ಟೆಯ ಮೇಲೆ ಕೂತೆ. ತಿಂದ ಪೇಡೆ ಗಂಟಲಿಗೆ ವಾಪಸು ಬಂದ ಹಾಗಾಯಿತು.

ಮರುದಿನ ಮೇಡಂ ತಾವೇ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. ಕುರ್ಚಿ ಇರಲಿಲ್ಲವಲ್ಲ, ನಿಂತೇ ಮಾತಾಡಿದರು. "ಬಾಯಾರ, ಕೊನಿ ದಿನಾಂಕ ಹತ್ತರ ಬಂತು. ಆ ಮನುಷ್ಯಾನ ಜೊತಿ ನೀವೊಮ್ಮಿ ಮಾತಾಡ್ತೀರೇನು? ನನಗ ಎಲ್ಲೆ ತಪ್ಪೇತಿ ಅಂತ ತಿಳೀವಲ್ದು."

ಎಲ್ಲಿ ತಪ್ಪಿದೆ ಎಂದು ನನಗೆ ತಿಳಿದಿತ್ತು. ಹೇಳಿದರೆ ಅದನ್ನೂ ಕಲಿತುಬಿಡುತ್ತಾರೆ ಎಂದು ಹೇಳಲಿಲ್ಲ. "ನೋಡೂಣ್ರಿ," ಎಂದು ಅರ್ಧ ದಿನ ರಜೆ ಬರೆದುಕೊಟ್ಟು ಕಾರಟಗಿ ಬಸ್ಸು ಹತ್ತಿದೆ.

ಮಾವನ ಮನೆ ಕಾಲುವೆಯ ಆಚೆ. ಅಂಗಳದಲ್ಲಿ ಭತ್ತದ ಚೀಲ ಹೊಲಿಯುತ್ತಿದ್ದರು. ನನ್ನನ್ನು ಕಂಡು ಮುಖ ಗಂಟು ಹಾಕಿಕೊಂಡರೂ, ಮನೆಗೆ ಬಂದವಳನ್ನು ಹೋಗು ಎನ್ನಲಾಗದೆ ಕಟ್ಟೆಯ ಮೇಲೆ ಚಾಪೆ ಹಾಸಿಸಿದರು. ಅತ್ತೆ ನೀರು ತಂದಿಟ್ಟು ಬಾಗಿಲ ಒಳಗೆ ನಿಂತಳು. ಹುಡುಗಿ ಕಾಲೇಜಿಗೆ ಹೋಗಿದ್ದಳು. ಗೋಡೆಯ ಮೇಲೆ ಫೋಟೋ ಒಂದಿತ್ತು: ಮಾವನ ಹೆಗಲ ಮೇಲೆ ಎರಡು ಜಡೆಯ ಪುಟ್ಟ ಹುಡುಗಿ, ಒಂದು ಜಡೆ ಮೇಲೆ, ಒಂದು ಕೆಳಗೆ. ಹಾಕಿದವರು ಯಾರೆಂದು ಕೇಳಬೇಕಾಗಿರಲಿಲ್ಲ.

"ನಿಯಮ ಹೇಳಾಕ ಬಂದೀರೇನು?" ಎಂದರು.

"ಇಲ್ರಿ. ನಿಮಗ ಹೊಟ್ಟಿಕಿಚ್ಚು ಐತ್ರಿ, ಅದನ್ನ ಹೇಳಾಕ ಬಂದೀನಿ."

ಚೀಲ ಹೊಲಿಯುವ ದಬ್ಬಣ ನಿಂತಿತು. "ಏನಂದ್ರಿ?"

"ಅಕೀ ಅಪ್ಪನ ಮ್ಯಾಲ ಹೊಟ್ಟಿಕಿಚ್ಚು. ಕಷ್ಟಪಟ್ಟಾಂವ ನೀವು, ಕಾಗದದಾಗ ಹೆಸರು ಅಂವಂದು. ಉರೀಲಾರದಾ ಇರ್ತೈತೇನು?"

"ನೋಡ್ರಿ ಬಾಯಾರ, ಮಾತು ಹಿಡದು ಆಡ್ರಿ."

"ಸಿಟ್ಟಿಗೇಳಬ್ಯಾಡ್ರಿ. ನನಗೂ ಐತಿ ಅದಾ ಉರಿ," ಎಂದೆ. ಯಾರ ಮುಂದೆಯೂ ಹೇಳದ್ದನ್ನು ಆ ಅಪರಿಚಿತ ಮನುಷ್ಯನ ಮುಂದೆ ಹೇಳಿಬಿಟ್ಟೆ. "ಆ ಮೇಡಮ್ಮಾರು ಬಂದು ಇನ್ನೂ ವರ್ಷ ಆಗಿಲ್ಲ. ನಾ ಅಲ್ಲೆ ತಲಿಗೂದಲಾ ಬೆಳ್ಳಗ ಮಾಡಿಕೊಂಡೀನಿ. ಫಾರ್ಮ್ ನೋಡಾಕಿ ನಾನು, ಮ್ಯಾಲ ಬೀಳೋ ಹೆಸರು ಅವರದು. ನಮ್ಮ ಸಾಹೇಬ್ರು ನನ್ನ ತೋರಿಸಿ, ಸಹಾಯಾ ಮಾಡ್ತಾರ, ಅಷ್ಟಾ, ಅಂದ್ರು. ನಿಮಗೂ ಮೊನ್ನೆ ಅಷ್ಟಾ ಅಂದ್ರಲ್ಲ, ಅವತ್ತು ನಿಮ್ಮ ಮಾರಿ ನೋಡಿದೆ. ನನ್ನ ಮಾರೀನೂ ಹಂಗಾ ಆಗಿತ್ರಿ."

ಅವರು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟರು. ನಾನು ಅತ್ತೆ ತಂದಿಟ್ಟ ನೀರು ಕುಡಿದೆ.

"ಸರ್ಕಾರದ ಫಾರ್ಮಿನ್ಯಾಗ ಹೆತ್ತವರಿಗೆ ಕಾಲಂ ಐತ್ರಿ, ಸಾಕಿದವರಿಗೆ ಇಲ್ಲ. ನಾನೂ ಹುಡುಕೀನಿ. ಇಲ್ಲದ್ದಕ್ಕ ನಾವು ಜಗಳಾ ಮಾಡಿಕೋತ ಕುಂತ್ರ ಹುಡುಗಿ ಏನು ಮಾಡಬೇಕು? ಅಕಿ ಸೀರಿ ಅಂಗಡ್ಯಾಗ ಕೆಲ್ಸ ಮಾತಾಡಿ ಬಂದಾಳ. ನಿಮಗ ಹೇಳಬ್ಯಾಡ ಅಂದಿದ್ಲು, ನಾ ಹೇಳೀನಿ."

ಅವರು ಬಾಗಿಲ ಕಡೆ ತಿರುಗಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಮೇಲೆ ಅವರು ಕೇಳಿದರು, "ಹೆಸರು ತಗದ್ರ, ಅಕಿ ಇಲ್ಲೇ ಇರಬಹುದೇನ್ರಿ?"

"ಇರಾಕ ಯಾರ ಬ್ಯಾಡ ಅಂತಾರ್ರಿ? ಉಣ್ಣೂದು ನಿಮ್ಮ ಮನ್ಯಾಗಾ."

"ಎಂದು ಬರಬೇಕು?" ಎಂದರು.

ರೇಷನ್ ಕಾರ್ಡಿನ ತಿದ್ದುಪಡಿಗೆ ಸರ್ವರ್ ಬೇಕಾದಾಗ ಸಿಗುವುದಿಲ್ಲ. ಬಿಡುತ್ತಾರೆಂದು ಸುದ್ದಿ ಬಂದ ದಿನ ಗಂಗಾವತಿಯ ಸೇವಾ ಕೇಂದ್ರದ ಮುಂದೆ ಜಾತ್ರೆಯಷ್ಟು ಜನ. ಬೆಳಿಗ್ಗೆ ಹೋದವರಿಗೆ ಮಧ್ಯಾಹ್ನ ದಾಟಿದ ಮೇಲೆ ಪಾಳಿ ಬಂತು. ಮಾವ, ಹುಡುಗಿ, ನಾನು. ಮೇಡಂ ಬರುತ್ತೇನೆ ಎಂದಿದ್ದರು, "ನಿಮಗ ಕ್ಲಾಸ್ ಐತಲ್ರಿ," ಎಂದು ನಾನೇ ತಪ್ಪಿಸಿದ್ದೆ.

ಆಪರೇಟರ್ ಹುಡುಗಿಯ ಹೆಸರಿನ ಮೇಲೆ ಗುರುತು ಹಾಕಿ, ಬೆರಳಚ್ಚಿನ ಯಂತ್ರ ಮುಂದೆ ಸರಿಸಿದ. ಮಾವ ಹೆಬ್ಬೆಟ್ಟು ಇಟ್ಟರು. ಕೆಂಪು ದೀಪ. ಮತ್ತೆ ಇಟ್ಟರು. ಮತ್ತೆ ಕೆಂಪು. ಭತ್ತದ ಕೆಲಸ, ಚೀಲ, ಗೊಬ್ಬರ, ಹಗ್ಗ, ಎಲ್ಲ ಸೇರಿ ಗೆರೆಗಳನ್ನು ತಿಂದುಹಾಕಿದ್ದವು.

"ನೋಡ್ರಿ ಬಾಯಾರ," ಎಂದರು ಮಾವ. "ನನ್ನ ಬೆಟ್ಟೂ ಒಲ್ಲೆ ಅಂತೈತಿ."

ಹಿಂದಿನವರು ಗೊಣಗತೊಡಗಿದರು. ಸರ್ವರ್ ಯಾವ ಗಳಿಗೆಯಲ್ಲಾದರೂ ಹೋಗಬಹುದಿತ್ತು. "ತೊಳಕೊಂಡು ಬರ್ರಿ," ಎಂದ ಆಪರೇಟರ್. ತೊಳೆದು ಬಂದರು, ಆಗಲಿಲ್ಲ. ಆಗ ಹುಡುಗಿ ಅವರ ಕೈ ಹಿಡಿದು, ತನ್ನ ಓಢಣಿಯಿಂದ ಒರೆಸಿ, ಆ ಹೆಬ್ಬೆಟ್ಟನ್ನು ತನ್ನ ಎಣ್ಣೆ ಹಚ್ಚಿದ ಬೈತಲೆಗೆ ತಿಕ್ಕಿದಳು. ಬೆಟ್ಟು ಹತ್ತದಿದ್ದರೆ ನಮ್ಮ ಕಡೆ ಎಲ್ಲರೂ ಹೀಗೆ ತಲೆಗೆ ತಿಕ್ಕಿಕೊಳ್ಳುತ್ತಾರೆ, ಆದರೆ ತಮ್ಮ ತಲೆಗೆ. ಮಾವ ಕಣ್ಣು ಮುಚ್ಚಿ ಯಂತ್ರದ ಮೇಲೆ ಬೆಟ್ಟು ಇಟ್ಟರು. ಹಸಿರು ದೀಪ ಹತ್ತಿತು.

"ಹೋತಾ?" ಎಂದು ಕೇಳಿದರು.

"ಹೋತ್ರಿ," ಎಂದ ಆಪರೇಟರ್. ಪರದೆಯ ಮೇಲೆ ಆ ಮನೆಯವರ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಗಿತ್ತು.

ಉಳಿದದ್ದು ಓಡಾಟ. ಯಲಬುರ್ಗಾದಲ್ಲಿ ಅಪ್ಪನ ಕಾರ್ಡಿಗೆ ಹೆಸರು ಸೇರಿತು. ಗ್ರಾಮಾಧಿಕಾರಿ ಮನೆಗೆ ಬಂದು ನೋಡಿ ವರದಿ ಬರೆದರು, ಕಂದಾಯ ನಿರೀಕ್ಷಕರ ಹತ್ತಿರ ಅದು ಸ್ವಲ್ಪ ದಿನ ಕೂತು ನಮ್ಮೆಲ್ಲರ ನಿದ್ದೆ ಕೆಡಿಸಿ, ಕೊನೆಗೆ ಬಂತು. ಕೊನೆಯ ದಿನಾಂಕದ ಹಿಂದಿನ ಸಂಜೆ ಹೊಸ ಸಂಖ್ಯೆ ಹಾಕಿದೆ. ಆದಾಯ ಬಂದು ಕೂತಿತು, ಮಿತಿಗಿಂತ ಬಹಳ ಕೆಳಗೆ. ಹೆಸರು, ಆಧಾರ್, ಖಾತೆ ಎಲ್ಲವನ್ನೂ ತಾಳೆ ನೋಡಿ ಪಕ್ಕದ ಟೇಬಲ್ಲಿಗೆ ಕಳಿಸಿದೆ. ಮೇಡಂ ಒತ್ತಿದರು. 'ಅರ್ಹ' ಎಂದು ಬಂತು. ಕೆಳಗೆ 'ದೃಢೀಕರಿಸಿದವರು' ಎಂಬಲ್ಲಿ ಅವರ ಹೆಸರು ಬಂತು. ಹುಡುಗಿ ಓಡಿಬಂದು ಮೇಡಮ್ಮಿನ ಕೈ ಹಿಡಿದುಕೊಂಡಳು. ನನ್ನ ಕಡೆ ನೋಡಿ ನಕ್ಕಳು, ಇಲ್ಲವೆನ್ನುವುದಿಲ್ಲ. ಆದರೆ ಕೈ ಹಿಡಿದದ್ದು ಅವರದು. ಮೇಡಂ ಪ್ರಾಂಶುಪಾಲರ ಮುಂದೆ, "ಇದು ಬಾಯಾರಿಂದ ಆತ್ರಿ ಸರ್," ಎಂದು ಎರಡು ಸಲ ಹೇಳಿದರು. ಅಷ್ಟೊಂದು ಒಳ್ಳೆಯವರಾಗಿದ್ದದ್ದಕ್ಕೆ ಅವರ ಮೇಲೆ ಇನ್ನಷ್ಟು ಉರಿಯಿತು.

ದಸರೆಯ ರಜೆ ಮುಗಿಯುವುದಕ್ಕೆ ಮುಂಚೆ, ಕಚೇರಿ ಮಾತ್ರ ತೆರೆದಿದ್ದ ಒಂದು ದಿನ, ಮಾವ ಬಂದರು. ಮೇಡಂ ಟೇಬಲ್ಲಿನ ಮುಂದೆ ರಜೆಯಲ್ಲೂ ನಾಲ್ಕಾರು ಹುಡುಗಿಯರು. ಅವರು ನೇರ ನನ್ನ ಹತ್ತಿರ ಬಂದು ನಿಂತರು.

"ಹಿಂಗಾ ಸಂತಿಗೆ ಬಂದಿದ್ದೆ. ಆ ಕಂಪ್ಯೂಟರಿನ್ಯಾಗ ನಿಮ್ಮ ಹೆಸರು ಬಂತೇನ್ರಿ?"

"ಇಲ್ರಿ. ಮೇಡಮ್ಮಾರದು ಬಂತು."

ಅವರು ಆ ಟೇಬಲ್ಲನ್ನೂ ಅಲ್ಲಿದ್ದ ಹುಡುಗಿಯರನ್ನೂ ನೋಡಿ, ದನಿ ತಗ್ಗಿಸಿ ಕೇಳಿದರು, "ಉರೀತೈತೇನ್ರಿ ಇನ್ನೂ?"

"ಉರೀತೈತ್ರಿ."

"ನನಗೂ," ಎಂದರು. "ಮೊದಲನೇ ಸಲ ಹಬ್ಬಕ್ಕ ಅಪ್ಪನ ಊರಿಗೆ ಹೋಗ್ಯಾಳ್ರಿ. ತಾನಾ ಕೇಳಿ ಹೋದ್ಲು."

ನಾನು ಎದ್ದು, ಮೇಡಂ ಟೇಬಲ್ಲಿನ ಮುಂದೆ ಆಗಷ್ಟೇ ಖಾಲಿಯಾದ ಕುರ್ಚಿಯೊಂದನ್ನು ಎಳೆದು ತಂದು ನನ್ನ ಟೇಬಲ್ಲಿನ ಎದುರು ಹಾಕಿದೆ.

"ಕುಂದರ್ರಿ," ಎಂದೆ. "ಚಾ ತರಸ್ತೀನಿ."